ಕಾಯಕದ ಸಂಗಾತಿ ಸೈಕಲ್ಲು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಶರಣರ ಜೀವನ, ಮನೆಯ ಆಚಾರ, ಮಕ್ಕಳ ಸಂಸ್ಕಾರ ಇವುಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ಸೈಕಲ್ಲನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಾದದ್ದು ಒಕ್ಕಲುತನದ ಮನೆಯ ತಂದೆಯೊಬ್ಬರು ಬರೆದ ಪತ್ರ. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪ್ರೌಢಶಾಲೆ ಊರಿಗೆ 6 ಕಿಲೋಮೀಟರು ದೂರ. ಅವಳ ಸೈಕಲ್ಲು ಕೆಟ್ಟು ಎರಡು ತಿಂಗಳಿಂದ ದನದ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ನಿಂತಿದೆ. ಬಸ್ಸು ಬಂದ ದಿನ ಶಾಲೆ, ಬಾರದ ದಿನ ಮನೆ. ಮನೆಯಲ್ಲಿ ಎರಡು ಮಾತು ನಡೆದಿದೆಯಂತೆ: ಒಂದು, ಸಾಲ ಮಾಡಿಯಾದರೂ ಪೆಟ್ರೋಲ್ ಸ್ಕೂಟರ್ ಕೊಡಿಸುವುದು, ಇನ್ನೊಂದು, ಹೆಣ್ಣುಮಗಳಿಗೆ ಇಷ್ಟು ಓದು ಸಾಕೆಂದು ಶಾಲೆ ಬಿಡಿಸುವುದು. ಇವೆರಡರಲ್ಲಿ ಯಾವುದು ಸರಿ ಎಂದು ಅವರು ನಮ್ಮನ್ನು ಕೇಳಿದ್ದಾರೆ.

ಎರಡೂ ಸರಿಯಲ್ಲವೆಂಬುದೇ ನಮ್ಮ ಉತ್ತರ. ಹದಿನಾಲ್ಕು ಹದಿನೈದು ವಯಸ್ಸಿನ ಮಗುವಿಗೆ ಮೋಟಾರು ವಾಹನ ನಡೆಸುವ ಪರವಾನಗಿ ದೊರೆಯುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧವಾದಲ್ಲಿ ತಂದೆತಾಯಿ ಅಥವಾ ವಾಹನದ ಮಾಲೀಕರೇ ಹೊಣೆಗಾರರು. 25,000 ರೂಪಾಯಿ ದಂಡ ಮತ್ತು 3 ವರ್ಷಗಳವರೆಗೆ ಸೆರೆಮನೆವಾಸಕ್ಕೆ ಅವಕಾಶವಿದೆ. ದಂಡದ ಮಾತು ಹಾಗಿರಲಿ, ಮಗುವಿನ ಜೀವಕ್ಕಿಂತ ದೊಡ್ಡದು ಯಾವುದಿದೆ? ಇನ್ನು ಶಾಲೆ ಬಿಡಿಸುವ ವಿಚಾರ. ಅಕ್ಕಮಹಾದೇವಿಯವರನ್ನು ಅನುಭವ ಮಂಟಪದಲ್ಲಿ ಆದರದಿಂದ ಬರಮಾಡಿಕೊಂಡ ಪರಂಪರೆ ನಮ್ಮದೆಂದು ವೇದಿಕೆಯ ಮೇಲೆ ಹೇಳಿಕೊಂಡು, ಒಂದು ಪಂಕ್ಚರಾದ ಟ್ಯೂಬಿನ ಕಾರಣಕ್ಕೆ ಮನೆಮಗಳ ಓದು ನಿಲ್ಲಿಸುವುದು ಯಾವ ನ್ಯಾಯ? 6 ಕಿಲೋಮೀಟರನ್ನು ನಡೆದು ಹೋಗಲು ಒಂದೂಕಾಲು ಗಂಟೆ ಬೇಕು. ಸುಸ್ಥಿತಿಯಲ್ಲಿರುವ ಸೈಕಲ್ಲಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟಬಹುದು. ಆದ್ದರಿಂದ ಆ ಮನೆಗೆ ಬೇಕಾಗಿರುವುದು ಸಾಲವಲ್ಲ, ಕೊಟ್ಟಿಗೆಯಲ್ಲಿ ನಿಂತಿರುವ ಸೈಕಲ್ಲಿನ ಜೋಪಾನ.

ಶರಣರು ಕಾಯಕವನ್ನು ಎಷ್ಟು ಹಿರಿದಾಗಿ ಕಂಡರೆಂಬುದು ನಿಮಗೆಲ್ಲ ತಿಳಿದ ವಿಷಯವೇ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಹುಟ್ಟು ಮುರಿದ, ತಳ ಸೋರುವ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸಲಾದೀತೆ? ಕಾಯಕಕ್ಕೆ ಒದಗುವ ಸಾಧನವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದೂ ಕಾಯಕದ ಒಂದು ಅಂಗವೇ. ನಮ್ಮಲ್ಲಿ ಅನೇಕರು ಆಯುಧಪೂಜೆಯ ದಿನ ಸೈಕಲ್ಲನ್ನು ಕೊಡಗಟ್ಟಲೆ ನೀರಿನಲ್ಲಿ ತೊಳೆದು, ವಿಭೂತಿ ಧರಿಸಿ, ಹೂವಿನ ಹಾರ ಹಾಕುತ್ತಾರೆ. ಮರುದಿನದಿಂದ ಅದರ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ಅಂದು ಒಳಹೊಕ್ಕ ನೀರು ಗುಂಡುಗಳಿರುವ ಜಾಗದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹೂವಿಗಿಂತ ನಾಲ್ಕು ಹನಿ ಎಣ್ಣೆ ಅದಕ್ಕೆ ಹೆಚ್ಚು ಹಿತ.

ಇಂದಿನ ಸೈಕಲ್ಲಿನ ಮೂಲರೂಪ ಬಹಳ ಹಳೆಯದು. ಎರಡು ಸಮಗಾಲಿಗಳೂ ಹಿಂಗಾಲಿಗೆ ಚೈನೂ ಇರುವ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದರು. ಗಾಳಿ ತುಂಬುವ ಟಯರನ್ನು 1888ರಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಪಶುವೈದ್ಯರು. ಮಗನ ಮೂರುಗಾಲಿಯ ಸೈಕಲ್ಲು ಕುಲುಕಾಡುವುದನ್ನು ತಪ್ಪಿಸಲು ಅವರು ಆ ಉಪಾಯ ಹುಡುಕಿದರು. ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿಯೇ ಮದರಾಸಿನ ಅಂಬತ್ತೂರು, ಸೋನೀಪತ್, ಲೂಧಿಯಾನಗಳಲ್ಲಿ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದವು. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ, ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ಸೈಕಲ್ ಏರಿದರು. ಆ ಸೈಕಲ್ಲುಗಳಲ್ಲಿ ಅನೇಕವು ಇಂದಿಗೂ ಮನೆಗಳ ಹಿತ್ತಿಲಲ್ಲಿವೆ. ಅವುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡುವುದು ಒಳಿತು. ಚೌಕಟ್ಟು ಬಿರುಕು ಬಿಡದಿದ್ದರೆ, ಉಳಿದ ಭಾಗಗಳೆಲ್ಲ ತಾಲ್ಲೂಕು ಊರಿನ ಅಂಗಡಿಯಲ್ಲಿಯೇ ದೊರೆಯುತ್ತವೆ.

ಮೊದಲು ಸವಾರರಿಗೆ ತಕ್ಕಂತೆ ಸೈಕಲ್ಲನ್ನು ಹೊಂದಿಸಬೇಕು. ಸೀಟಿನ ಮೇಲೆ ನೇರವಾಗಿ ಕುಳಿತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮೊಣಕಾಲು ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ತೀರ ಕೆಳಗಿದ್ದರೆ ಮೊಣಕಾಲು ನೋಯುತ್ತದೆ, ಬೇಗ ದಣಿವಾಗುತ್ತದೆ. ಕಲಿಯುವ ಮಕ್ಕಳಿಗೆ ಮಾತ್ರ ಎರಡು ಪಾದವೂ ನೆಲಕ್ಕೆ ಮುಟ್ಟುವಂತೆ ಕೆಲವು ದಿನ ತಗ್ಗಿಸಿಡಬಹುದು. ಸೀಟಿನ ಕಂಬವನ್ನು ಅದರ ಮೇಲೆ ಕೊರೆದ ಗುರುತು ಹೊರಗೆ ಕಾಣುವಷ್ಟು ಎತ್ತರಿಸಬಾರದು. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಆರು ತಿಂಗಳಿಗೊಮ್ಮೆ ಈ ಅಳತೆಯನ್ನು ಮತ್ತೆ ನೋಡಬೇಕು. ಲಂಗ, ಚೂಡಿದಾರ ಧರಿಸುವ ಹೆಣ್ಣುಮಕ್ಕಳ ಸೈಕಲ್ಲಿಗೆ ಚೈನ್ ಕವರು ಮತ್ತು ಹಿಂಗಾಲಿಗೆ ಬಟ್ಟೆ ಸಿಗದಂತೆ ಜಾಲರಿ ಅವಶ್ಯ. ದುಪಟ್ಟವನ್ನು ಬೆನ್ನ ಹಿಂದೆ ಇಳಿಬಿಡದೆ ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುವಂತೆ ತಾಯಂದಿರು ಹೇಳಬೇಕು. ಪುಸ್ತಕದ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕುವುದು ಅಪಾಯಕರ. ಅದು ಕ್ಯಾರಿಯರಿನ ಮೇಲಿರಲಿ.

ಇನ್ನು ಜೋಪಾನದ ವಿಚಾರ. ಇದನ್ನು ವಾರದ್ದು, ತಿಂಗಳಿನದು, ವರ್ಷದ್ದು ಎಂದು ಮೂರು ಭಾಗ ಮಾಡಿಕೊಂಡರೆ ನೆನಪಿಡುವುದು ಸುಲಭ.

ವಾರಕ್ಕೊಮ್ಮೆ ಗಾಳಿ, ಬ್ರೇಕು, ನಟ್ಟು ಈ ಮೂರನ್ನು ನೋಡಬೇಕು. ಪಂಕ್ಚರ್ ಆಗದಿದ್ದರೂ ಟ್ಯೂಬಿನ ಗಾಳಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಎಷ್ಟು ಗಾಳಿ ಬೇಕೆಂಬುದು ಟಯರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಅಳೆಯುವ ಸಾಧನವಿಲ್ಲದಿದ್ದರೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಟಯರು ಸುಲಭವಾಗಿ ತಗ್ಗಬಾರದು. ಗಾಳಿ ಕಡಿಮೆಯಿದ್ದರೆ ತುಳಿಯುವುದು ಭಾರವಾಗುವುದಲ್ಲದೆ, ಕಲ್ಲಿನ ಮೇಲೆ ಹೋದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ನಮ್ಮ ಹಳ್ಳಿಗಳ ಪಂಕ್ಚರುಗಳಲ್ಲಿ ಕೆಲವು ಜಾಲಿಮುಳ್ಳಿನವು. ಕೆಲವು ಈ ಸೋಮಾರಿತನದವು. ಒಂದು ಕೈಪಂಪು ಮನೆಯಲ್ಲಿರುವುದು ಒಳ್ಳೆಯದು. ಬ್ರೇಕಿನ ಹಿಡಿಯನ್ನು ಅದುಮಿದಾಗ ಅದು ಹ್ಯಾಂಡಲ್ಲಿಗೆ ತಾಗುವಷ್ಟು ಸಡಿಲವಿರಬಾರದು. ಬ್ರೇಕಿನ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು, ಟಯರಿಗಲ್ಲ. ರಬ್ಬರಿನ ಮೇಲಿನ ಗೆರೆಗಳು ಅಳಿಸಿಹೋಗಿದ್ದರೆ ಕೂಡಲೇ ಬದಲಿಸಬೇಕು; ಅಲ್ಪ ಬೆಲೆಯ ಆ ತುಂಡಿನ ಮೇಲೆ ಮಗುವಿನ ಪ್ರಾಣ ನಿಂತಿದೆ. ಎರಡು ಗಾಲಿಗಳ ನಟ್ಟುಗಳೂ ಹ್ಯಾಂಡಲ್ಲೂ ಬಿಗಿಯಾಗಿವೆಯೇ ಎಂದು ನೋಡಿದರೆ ವಾರದ ಕೆಲಸ ಮುಗಿಯಿತು. ಇದಕ್ಕೆ ಹತ್ತು ನಿಮಿಷ ಸಾಕು.

ತಿಂಗಳಿಗೊಮ್ಮೆ ಚೈನಿನ ಸೇವೆ. ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆಯಿಂದ ಚೈನನ್ನು ಒರೆಸಿ, ಮಣ್ಣು ಹೋದ ಮೇಲೆ ಒಣಬಟ್ಟೆಯಿಂದ ತಿಕ್ಕಿ, ಪ್ರತಿಯೊಂದು ಕೊಂಡಿಗೂ ಒಂದೊಂದು ಹನಿ ಮಿಷನ್ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಬೇಕು. ಮೇಲಿನ ಎಣ್ಣೆಯನ್ನು ಒರೆಸಿಬಿಡಬೇಕು; ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದುಕೊಳ್ಳುತ್ತದೆ. ಈ ಕೆಲಸವನ್ನು ಒಲೆ-ದೀಪಗಳಿಂದ ದೂರದಲ್ಲಿ ಮಾಡಬೇಕು. ಅಡುಗೆಯ ಎಣ್ಣೆ ಬಳಸಬಾರದು, ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಟ್ರಾಕ್ಟರಿನಿಂದ ತೆಗೆದ ಕಪ್ಪು ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ, ಅದೂ ಬೇಡ. ರಿಮ್ಮಿಗೆ ಎಣ್ಣೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿದಾಗ ಸುಮಾರು ಅರ್ಧ ಅಂಗುಲ ಆಡಬೇಕು. ಹೆಚ್ಚು ಜೋತಿದ್ದರೆ ಹಿಂಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಸಮವಾಗಿ ಹಿಂದಕ್ಕೆಳೆದು ಮತ್ತೆ ಬಿಗಿಯಬೇಕು. ಚೈನು ಸವೆದಿದೆಯೇ ಎಂದು ತಿಳಿಯಲು ಅಡಿಪಟ್ಟಿ ಸಾಕು. ಪ್ರತಿ ಕೊಂಡಿ ಅರ್ಧ ಅಂಗುಲವಾದ್ದರಿಂದ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರಬೇಕು. ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನನ್ನು ಬದಲಿಸಬೇಕು. ತಡಮಾಡಿದರೆ ಫ್ರೀವೀಲಿನ ಹಲ್ಲುಗಳೂ ಸವೆದು ಖರ್ಚು ಇಮ್ಮಡಿಯಾಗುತ್ತದೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸೈಕಲ್ ಷಾಪಿನಲ್ಲಿ ಓವರ್‌ಹಾಲ್ ಮಾಡಿಸಬೇಕು. ಗಾಲಿಗಳ, ಪೆಡಲಿನ ಅಚ್ಚಿನ, ಹ್ಯಾಂಡಲ್ಲಿನ ಒಳಗಿರುವ ಗುಂಡುಗಳನ್ನು ತೆಗೆದು, ತೊಳೆದು, ಹೊಸ ಗ್ರೀಸು ತುಂಬುತ್ತಾರೆ. ಸಡಿಲವಾದ ಕಡ್ಡಿಗಳನ್ನು ಬಿಗಿದು ಗಾಲಿಯ ಬೆಂಡು ತೆಗೆಯುತ್ತಾರೆ. ಈ ಬೆಂಡು ತೆಗೆಯುವುದು ಅನುಭವದ ಕೈಗೆ ಮಾತ್ರ ಒಲಿಯುವ ವಿದ್ಯೆ. ಮನೆಯಲ್ಲಿ ಪ್ರಯೋಗ ಮಾಡುವುದು ಬೇಡ. ಹಾಗೆಯೇ ಎಡಗಡೆಯ ಪೆಡಲಿನ ಮರೆ ತಿರುವುಮುರುವಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಲೋಕದ ನಟ್ಟುಗಳೆಲ್ಲ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಇದು ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಇದನ್ನರಿಯದೆ ಬಲಪ್ರಯೋಗ ಮಾಡಿದರೆ ಮರೆ ಹಾಳಾಗುತ್ತದೆ.

ಪಂಕ್ಚರ್ ತಿದ್ದುವುದನ್ನು ಮಾತ್ರ ಸೈಕಲ್ ನಡೆಸುವ ಪ್ರತಿಯೊಬ್ಬರೂ ಕಲಿಯಲೇಬೇಕೆಂಬುದು ನಮ್ಮ ಆಗ್ರಹ. ಟ್ಯೂಬನ್ನು ಹೊರತೆಗೆದು, ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಅದ್ದಿದರೆ ಗುಳ್ಳೆ ಬರುವ ಕಡೆ ತೂತಿದೆ. ಅಲ್ಲಿ ಗುರುತು ಮಾಡಿ, ಒಣಗಿಸಿ, ಉಜ್ಜುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಹಚ್ಚಬೇಕು. ಹಚ್ಚಿದ ಕೂಡಲೇ ಪ್ಯಾಚು ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಕೆಲವು ನಿಮಿಷ ಕಾದು, ಅದರ ಹಸಿ ಆರಿದ ಮೇಲೆ ಅಂಟಿಸಿ ಬಲವಾಗಿ ಒತ್ತಬೇಕು. ಟ್ಯೂಬನ್ನು ಮತ್ತೆ ಒಳಗಿಡುವ ಮುನ್ನ ಟಯರಿನ ಒಳಮೈಯನ್ನು ಬಟ್ಟೆಯಿಂದ ಎಚ್ಚರದಿಂದ ಸವರಿ ಮುಳ್ಳನ್ನು ಹುಡುಕಿ ತೆಗೆಯಬೇಕು. ಮುಳ್ಳು ಅಲ್ಲೇ ಉಳಿದರೆ ಮಾಡಿದ ಶ್ರಮವೆಲ್ಲ ಅರ್ಧ ದಾರಿಯಲ್ಲಿ ವ್ಯರ್ಥವಾಗುತ್ತದೆ. ಈ ಕೆಲಸವನ್ನು ಗಂಡುಮಗನಿಗೆ ಕಲಿಸಿ ಹೆಣ್ಣುಮಗಳಿಗೆ ಕಲಿಸದಿರುವುದು ನಮ್ಮ ಮನೆಗಳಲ್ಲಿ ಕಾಣುವ ದೋಷ. ಅಣ್ಣನ ಬಿಡುವಿಗಾಗಿ ಕಾಯುತ್ತ ಕುಳಿತ ತಂಗಿಯ ಸೈಕಲ್ಲು ಮೊದಲು ಎರಡು ದಿನ ನಿಲ್ಲುತ್ತದೆ, ಬಳಿಕ ಎರಡು ತಿಂಗಳು. ಅಷ್ಟರಲ್ಲಿ ಅವಳ ಪಾಠಗಳು ಹಿಂದೆ ಬಿದ್ದಿರುತ್ತವೆ, ಶಾಲೆಯೆಂದರೆ ಭಯ ಹುಟ್ಟಿರುತ್ತದೆ. ಓದು ನಿಲ್ಲುವುದು ಹೀಗೆಯೇ. ಯಾರೂ ಅದನ್ನು ಒಂದು ದಿನ ಕುಳಿತು ನಿರ್ಧರಿಸುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಉಕ್ಕಿನ ರಿಮ್ಮು ಒದ್ದೆಯಾದಾಗ ಬ್ರೇಕು ಒಡನೆ ಹಿಡಿಯುವುದಿಲ್ಲ. ನಿಧಾನವಾಗಿ ಸಾಗುತ್ತ, ದೂರದಿಂದಲೇ ಎರಡು ಬ್ರೇಕುಗಳನ್ನೂ ಹದವಾಗಿ ಹಿಡಿಯುತ್ತ ಬರಬೇಕು. ನೆನೆದ ಸೈಕಲ್ಲನ್ನು ಮನೆಗೆ ತಂದ ಮೇಲೆ ಒರೆಸಿ ಚೈನಿಗೆ ಎಣ್ಣೆ ಬಿಡಬೇಕು. ಕತ್ತಲಾಗುವ ಹೊತ್ತಿಗೆ ಮರಳುವವರಿಗೆ ಮುಂದೆ ದೀಪ, ಹಿಂದೆ ಕೆಂಪು ಹೊಳಪುಗಾಜು ಇರಲೇಬೇಕು. ಬೆಲ್ಲು ಬಾರಿಸಿದರೆ ಕೇಳಿಸುವಂತಿರಬೇಕು.

ಕೊನೆಯದಾಗಿ ಎರಡು ಮಾತು. ಮೊದಲನೆಯದು, ಸೈಕಲ್ ರಿಪೇರಿ ಮಾಡುವವರನ್ನು ಕುರಿತು. ಹಬ್ಬ-ಜಾತ್ರೆಗಳಿಗೆ ಸಾವಿರಾರು ರೂಪಾಯಿ ವೆಚ್ಚ ಮಾಡುವವರೂ ಪಂಕ್ಚರ್ ಹಾಕಿದವರೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದನ್ನು, ಏಕವಚನದಲ್ಲಿ ಕರೆಯುವುದನ್ನು ನಾವು ಕಾಣುತ್ತೇವೆ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳಿಗೆ ಇದು ಶೋಭಿಸದು. ಮಕ್ಕಳನ್ನು ಅವರ ಅಂಗಡಿಗೆ ಕರೆದೊಯ್ದು, ಅವರು ಮಾಡುವುದನ್ನು ನಿಂತು ನೋಡಿ ಕಲಿಯಲು ಹೇಳಿ. ಅವರಿಗೆ ಸಲ್ಲಬೇಕಾದುದನ್ನು ಗೌರವದಿಂದ ಸಲ್ಲಿಸಿ. ಎರಡನೆಯದು, ಸೈಕಲ್ಲು ಬಡತನದ ಗುರುತೆಂಬ ನಾಚಿಕೆಯನ್ನು ಕುರಿತು. ದುಡಿಮೆಗೂ ವಿದ್ಯೆಗೂ ಒಯ್ಯುವ ಸಾಧನದಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಸಾಲದ ವಾಹನದ ಕಂತು ಕಟ್ಟಲಾಗದೆ ತಲೆತಪ್ಪಿಸಿಕೊಂಡು ತಿರುಗುವುದಕ್ಕಿಂತ, ಸ್ವಂತ ಕಾಲಿನ ಬಲದಿಂದ ಸಾಗುವುದು ಲೇಸು.

ಪತ್ರ ಬರೆದ ಆ ತಂದೆಯವರಲ್ಲಿ ನಮ್ಮ ವಿನಂತಿ ಇಷ್ಟೆ: ಬರುವ ಭಾನುವಾರ ಲಿಂಗಪೂಜೆ, ಪ್ರಸಾದ ಮುಗಿದ ಮೇಲೆ ಮಗಳನ್ನು ಜೊತೆಗೆ ಕರೆದುಕೊಂಡು ಆ ಸೈಕಲ್ಲನ್ನು ಕೊಟ್ಟಿಗೆಯಿಂದ ಹೊರಗೆ ತನ್ನಿ. ಟ್ಯೂಬು, ಬ್ರೇಕಿನ ರಬ್ಬರು, ಬೇಕಿದ್ದರೆ ಚೈನು ಹೊಸದಾಗಲಿ. ಪಾನಾ ಅವಳ ಕೈಯಲ್ಲಿರಲಿ, ನೀವು ಪಕ್ಕದಲ್ಲಿರಿ. ಸೋಮವಾರ ಅವಳು ಶಾಲೆಯ ಗಂಟೆ ಬಾರಿಸುವ ಮೊದಲೇ ತಲುಪಲಿ.