ಬಿದ್ದವನು ಮತ್ತೆ ಏರಬೇಕೆ?

ವೇಗದ ಮೋಟಾರು ಸೈಕಲ್ಲಿನಿಂದ ಬಿದ್ದು ಎಲುಬು ಮುರಿದುಕೊಂಡ ತರುಣನು, ಗುಣಹೊಂದಿದ ಮೇಲೆ ಮರಳಿ ಅದನ್ನೇರಬಹುದೆ? ತಾಯಿಯು ಬೇಡವೆನ್ನುವಳು, ಮಗನು ಬಿಡುವುದನ್ನು ಹೇಡಿತನವೆಂದು ಬಗೆವನು. ಇಬ್ಬರಿಗೂ ಆಸ್ಟ್ರೇಲಿಯದ ಮಿಕ್ ಡೂಹನ್ನನ ವೃತ್ತಾಂತವನ್ನು ನಾವು ತಿಳಿಸಬಯಸುತ್ತೇವೆ.

1992ರಲ್ಲಿ ಹಾಲೆಂಡಿನ ಆಸೆನ್ ಪಥದಲ್ಲಿ ಬಿದ್ದು ಆತನು ಬಲಗಾಲನ್ನೇ ಕಳೆದುಕೊಳ್ಳುವಂತಾಗಿತ್ತು. ರಕ್ತಸಂಚಾರವನ್ನುಳಿಸಲು ವೈದ್ಯರು ಎರಡು ಕಾಲುಗಳನ್ನೂ ಕೂಡಿಸಿ ಹೊಲಿದರು. ಆತನು ಹೆಬ್ಬೆರಳಿನಿಂದ ಒತ್ತುವ ಬ್ರೇಕನ್ನು ಅಳವಡಿಸಿಕೊಂಡು, 1994ರಿಂದ 1998ರವರೆಗೆ ಐದು ವರ್ಷವೂ 500 ಸಿ.ಸಿ. ವರ್ಗದಲ್ಲಿ ಜಗಜ್ಜೇತನಾದನು. 1999ರಲ್ಲಿ ಸ್ಪೇನಿನ ಹೆರೆಸ್‌ನಲ್ಲಿ ಮತ್ತೆ ಬಿದ್ದು, ಆ ವರ್ಷವೇ ಸ್ಪರ್ಧೆಯನ್ನು ಬಿಟ್ಟನು. ಮರಳಿ ಏರಿದವನೂ ಅವನೇ, ಇಳಿದವನೂ ಅವನೇ. ಇಳಿದುದನ್ನು ಹೇಡಿತನವೆನ್ನಲು ಯಾರ ನಾಲಗೆ ಏಳುವುದು?

ಆದರೆ ಅವನು ಓಡಿಸಿದುದು ಎಲ್ಲರೂ ಒಂದೇ ದಿಕ್ಕಿಗೆ ಸಾಗುವ, ವೈದ್ಯರು ಕಾದುನಿಂತಿರುವ ಪಥದಲ್ಲಿ. ನಮ್ಮ ಬೀದಿಯಲ್ಲಿ ಎದುರಿಗೆ ಬಸ್ಸೂ ಅಡ್ಡಲಾಗಿ ದನವೂ ಬರುವುವು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಗಾಡಿಯು ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುವುದು. ಈ ಲೆಕ್ಕವನ್ನು ಯಾವ ಜಾಣ್ಮೆಯೂ ತಪ್ಪಿಸಲಾರದು.

ಸಂಸ್ಕೃತದಲ್ಲಿ ಸಾಹಸವೆಂದರೆ ವಿಚಾರಿಸದೆ ಮಾಡುವ ದುಡುಕೆಂದೂ ಅರ್ಥವುಂಟು. ಧೈರ್ಯವೆಂದರೆ ಧೀರನ ಸ್ಥಿರಭಾವ. ಆದುದರಿಂದ ಗಾಯಗೊಂಡವನು ಮೊದಲು ತಾನು ಬಿದ್ದುದೇಕೆಂದು ವಿಚಾರಿಸಲಿ. ಕಾರಣವು ತನ್ನ ದುಡುಕೇ ಆಗಿದ್ದು ಅದಿನ್ನೂ ಅಳಿದಿಲ್ಲವಾದರೆ, ಗಾಡಿಯ ಬೀಗದಕೈಯನ್ನು ಮನೆಯವರಿಗೊಪ್ಪಿಸಲಿ. ಅಳಿದಿದ್ದರೆ, ವೈದ್ಯರ ಅನುಮತಿ ಪಡೆದು ಬೀದಿಯಲ್ಲಿ ನಿಧಾನವಾಗಿ ಹೋಗಲಿ; ವೇಗದ ಬಯಕೆಯನ್ನು ಚೆನ್ನೈ ಬಳಿಯ ಶ್ರೀಪೆರಂಬೂದೂರಿನಲ್ಲಿರುವಂಥ ಸ್ಪರ್ಧಾಪಥದಲ್ಲಿ ತೀರಿಸಿಕೊಳ್ಳಲಿ. ತಾಯಿಯ ಕಣ್ಣೀರಾಗಲಿ ಗೆಳೆಯರ ಹಾಸ್ಯವಾಗಲಿ ಈ ತೀರ್ಮಾನವನ್ನು ಮಾಡಿಸಬಾರದು, ವಿವೇಕವೇ ಮಾಡಿಸಬೇಕು.