ಶರ್ಯತ್ತು ನಿಲ್ಲಿಸೂದು ಹೇಡಿತನ ಅಲ್ಲ

ಬಾಗಲಕೋಟಿ, ವಿಜಯಪುರ ಅಂದ್ರ ಸೈಕಲ್ ಹುಡುಗೂರ ಸೀಮಿ. ಎರಡೂ ಊರಾಗ ಸೈಕ್ಲಿಂಗ್ ಕಲಿಸೋ ಸರಕಾರಿ ಕ್ರೀಡಾ ವಸತಿನಿಲಯ ಅದಾವ. ರಾಷ್ಟ್ರಮಟ್ಟದಾಗ ಪದಕ ತಂದ ಹೆಣ್ಣುಹುಡುಗ್ಯಾರೂ ನಮ್ಮ ಕಡೆಯವರ. ಅಕ್ಕಾ, ವೈನಿ, ಚಿಗವ್ವ, ಎಲ್ಲಾರಿಗೂ ನಾ ಹೇಳೂದು ಒಂದ ಮಾತು: ಹವಾಮಾನ ಕೆಟ್ಟಾಗ ಶರ್ಯತ್ತು ನಡೀಬೇಕೋ ಬ್ಯಾಡೋ ಅನ್ನೂದನ್ನ ಸೈಕಲ್ ಹೊಡಿಯೋ ಮಕ್ಕಳ ಮ್ಯಾಲೆ ಹಾಕಬಾರದು. ನಡಸೋರು ಮೊದಲ ನಿಯಮ ಬರದಿಡಬೇಕು.

ಯಾಕಂದ್ರ ಮಕ್ಕಳು ತಾವಾಗೇ ನಿಲ್ಲೂದಿಲ್ಲ. ಒಂದು ಪದಕ ಬಂದ್ರ ರೈಲ್ವೆದಾಗೋ ಸೈನ್ಯದಾಗೋ ಕ್ರೀಡಾ ಕೋಟಾದ ನೌಕರಿ ಸಿಕ್ಕೀತು ಅನ್ನೋ ಆಸೆ. ಮನ್ಯಾಗ ಸಾಲ ಮಾಡಿ ಸೈಕಲ್ ಕೊಡಿಸಿರ್ತಾರ. ಕಣ್ಣಿಗೆ ಕತ್ತಲಿ ಬಂದ್ರೂ ಪೆಡಲ್ ತುಳೀತಾವ.

“ಬಿಸಲಾಗ ದುಡಿಯೋ ಮಂದಿ ನಾವು, ನಮ್ಮ ಮಕ್ಕಳಿಗೆ ಬಿಸಲೇನು?” ಅಂತಾರ. ಖರೆ. ಆದ್ರ ಮಧ್ಯಾಹ್ನ ಬುತ್ತಿ ಬಿಚ್ಚಾಕ ಬೇವಿನ ಗಿಡದ ನೆರಳಿಗೆ ಕುಂದ್ರತೀವಲ್ಲ? ಶರ್ಯತ್ತಿನ್ಯಾಗ ಆ ನೆರಳಿಲ್ಲ. ಮಳಿದಂತೂ ಬ್ಯಾರೇನ ಕತಿ. ಮೊದಲ ಮಳಿಗೆ ರಸ್ತೆಮ್ಯಾಲಿನ ಧೂಳು, ಎಣ್ಣಿ ಕೂಡಿ ಜಾರತೈತಿ. ನಮ್ಮ ಕಮತಗಿ ಹಾದಿಗೆ ಟ್ರ್ಯಾಕ್ಟರ್ ಗಾಲಿ ಎರಿಮಣ್ಣು ಬ್ಯಾರೆ ತಂದ ಹಾಕ್ತಾವ. ರೇಸ್ ಸೈಕಲ್ಲಿನ ಟಾಯರ್ ಹೆಬ್ಬಟ್ಟಿನಷ್ಟ ಅಗಲ. ನೀರಾಗ ಬ್ರೇಕ್ ತಡಾ ಹಿಡೀತಾವ.

ಜಗತ್ತಿನ ದೊಡ್ಡ ಸವಾರರೂ ನಿಂತಾರ. 2013ರ ಮಾರ್ಚ್ 17ಕ್ಕ ಇಟಲಿಯ ಮಿಲಾನ್–ಸ್ಯಾನ್ ರೆಮೊ ಶರ್ಯತ್ತಿನ್ಯಾಗ ಹಿಮ ಬಿತ್ತು. ನಡುವ ಎಲ್ಲಾರನ್ನೂ ಇಳಿಸಿ, ಬಸ್ಸಿನ್ಯಾಗ ಗುಡ್ಡ ದಾಟಿಸಿ, ಮುಂದ ಮತ್ತ ಶುರು ಮಾಡಿದ್ರು. ಹೆಸರಾಂತ ಟಾಮ್ ಬೂನೆನ್ ಮತ್ತ ಸೈಕಲ್ ಹತ್ತಲೇ ಇಲ್ಲ. ಅದರಿಂದ ಅಂವನ ಹೆಸರೇನೂ ಕೆಡಲಿಲ್ಲ. ಆಮ್ಯಾಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ, ಯುಸಿಐ, ನಿಯಮಾನೇ ಮಾಡ್ತು: ಹಿಮ, ಜೋರು ಗಾಳಿ, ವಿಪರೀತ ಬಿಸಲು-ಥಂಡಿ, ಮುಂದಿಂದು ಕಾಣದಂಥ ಮಬ್ಬು ಇದ್ರ ಎಲ್ಲಾರೂ ಕೂಡಿ ಮಾತಾಡಿ ಹೊತ್ತು ಬದಲಿ, ಹಾದಿ ಬದಲಿ, ಇಲ್ಲಾ ರದ್ದು.

ನಮ್ಮ ಜಾತ್ರಿ ಶರ್ಯತ್ತಿಗೆ ಅಷ್ಟು ದೊಡ್ಡ ಪುಸ್ತಕ ಬೇಕಿಲ್ಲ. ಬ್ಯಾಸಗ್ಯಾಗ ಮುಂಜಾನೆ ಆರಕ್ಕ ಶುರುವಾಗಿ ಒಂಬತ್ತರೊಳಗ ಮುಗೀಲಿ. ಹಾದಿಗುಂಟ ನೀರು, ಓಆರ್‌ಎಸ್ ಇರಲಿ. ತಿರುವಿಗೊಬ್ರು ಬಾವುಟ ಹಿಡಕೊಂಡು ನಿಲ್ಲಲಿ. ಮಳಿ ಬಂದು ನಿಲ್ಲಿಸಿದ್ರ ಬಹುಮಾನ ಹ್ಯಾಂಗ ಕೊಡ್ತಾರ ಅನ್ನೂದನ್ನೂ ಮೊದಲ ಹೇಳಲಿ. ಆ ಭರವಸೆ ಇದ್ರ ಮಕ್ಕಳು ಜೀವಾ ಒತ್ತಿ ಇಟ್ಟು ತುಳಿಯೂದಿಲ್ಲ.

ಸಣ್ಣ ಮಕ್ಕಳ ಒಪ್ಪಿಗಿ ಪತ್ರಕ್ಕ ಸಹಿ ಹಾಕೋರು ನಾವ. ಹಾಕೂಕಿಂತ ಮೊದಲ ಕೇಳ್ರಿ: “ಮಳಿ ಬಂದ್ರ ಏನ್ ಮಾಡ್ತೀರಿ?” ಉತ್ತರ ಬರಲಿಲ್ಲಂದ್ರ ಪೆನ್ನು ಕೆಳಗಿಡ್ರಿ.