ಹಾಲಿನ ಲೋಟ, ಮಂಜಾದ ಕನ್ನಡಕ

ಸಾಂದ್ರೀಕರಣ ಎಂದರೆ ನಮ್ಮೆಲ್ಲರ ಪಾಠ ಯೋಜನೆಯಲ್ಲೂ ಐಸ್ ನೀರಿನ ಲೋಟವೇ. ತಿಪ್ಪಸಂದ್ರ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ ನಾನೂ ಅದನ್ನೇ ಬರೆದಿದ್ದೆ. ಐಸ್ ಸಿಗಲಿಲ್ಲ. ಒಳ್ಳೆಯದೇ ಆಯಿತು.

2013ರಲ್ಲಿ ಶುರುವಾದ ಕ್ಷೀರಭಾಗ್ಯದ ಬಿಸಿ ಹಾಲು ಕುಡಿಯುವಾಗ ಎಂಟನೇ ತರಗತಿಯ ಹುಡುಗಿಯೊಬ್ಬಳ ಕನ್ನಡಕ ಮಂಜಾಗುತ್ತಿತ್ತು. ಉಳಿದವರು ನಗುತ್ತಿದ್ದರು. ಅವಳು ಕನ್ನಡಕ ತೆಗೆದು ಬ್ಯಾಗಿಗೆ ಹಾಕಿದರೆ ಊಟದ ಬೆಲ್ ತನಕ ಹೊರಗೆ ತೆಗೆಯುತ್ತಿರಲಿಲ್ಲ. ಬೋರ್ಡ್ ಕಾಣದೆ ಪಕ್ಕದವಳ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದಳು.

ಮರುದಿನ ಎರಡು ಗಾಜಿನ ಸ್ಲೈಡ್ ತಂದೆ. ಒಂದಕ್ಕೆ ಸೋಪಿನ ನೀರು ಸವರಿ, ಒಣಗಿಸಿ, ಹತ್ತಿಬಟ್ಟೆಯಿಂದ ಹೊಳೆಯುವಂತೆ ಒರೆಸಿದೆವು. ಎರಡನ್ನೂ ಹಬೆಗೆ ಹಿಡಿದರೆ ಒಂದು ಬೆಳ್ಳಗಾಯಿತು, ಇನ್ನೊಂದರ ಮೂಲಕ ಬೋರ್ಡಿನ ಅಕ್ಷರ ಕಂಡಿತು. ಹಾಗಾದರೆ ಸೋಪು ಹಚ್ಚಿದ್ದರ ಮೇಲೆ ನೀರೇ ಕೂರಲಿಲ್ಲವೇ? ಬೆರಳಿಟ್ಟು ನೋಡಿದರು, ಒದ್ದೆ. ಬರಿಯ ಗಾಜಿನ ಮೇಲೆ ನೀರು ಸಣ್ಣ ಹನಿಗಳಾಗಿ ನಿಂತು ಬೆಳಕನ್ನು ಚದುರಿಸುತ್ತದೆ. ಸೋಪಿದ್ದರೆ ಹನಿಗಟ್ಟದೆ ತೆಳು ಪದರವಾಗಿ ಹರಡುತ್ತದೆ.

‘ಪಠ್ಯದಿಂದ ಆಚೆ ಹೋಗಿದೆ’ ಎಂದು ವೀಕ್ಷಕರ ಷರಾ ಬಂತು. ನಾನು ಒಪ್ಪಲಾರೆ. ಮೇಲ್ಮೈ ಎಳೆತ ಎಂಬ ಪದವನ್ನು ನಾನು ಬಳಸಲೇ ಇಲ್ಲ. ‘ದೈನಂದಿನ ಜೀವನದಲ್ಲಿ ಅನ್ವಯ’ ಎಂಬ ಕಾಲಂ ತುಂಬಲು ಗೈಡ್ ನೋಡುವ ಬದಲು ಎದುರಿನ ಬೆಂಚು ನೋಡಿದೆ, ಅಷ್ಟೇ.

ಒಂದು ಎಚ್ಚರ: ಟೂತ್‌ಪೇಸ್ಟ್ ಹಚ್ಚಲು ಬಿಡಬೇಡಿ, ಲೆನ್ಸಿಗೆ ಗೀರು ಬೀಳುತ್ತದೆ. ಧೂಳನ್ನು ಒಣಬಟ್ಟೆಯಲ್ಲಿ ಉಜ್ಜಿದರೂ ಹಾಗೆಯೇ. ಸೋಪಿನ ಪದರ ಹೆಚ್ಚು ಕಾಲ ನಿಲ್ಲುವುದೂ ಇಲ್ಲ. ಆ ಹುಡುಗಿ ಈಗ ಹಾಲಿಗೆ ಸಾಲು ನಿಲ್ಲುವ ಮೊದಲು ನಲ್ಲಿಯ ಹತ್ತಿರ ಹೋಗಿ ಬರುತ್ತಾಳೆ.